ಶಿಬಿರದ ಕಡತಕ್ಕೆ ಎ4 ಗಾಜು ಸಾಕೇ? ಮಲೆನಾಡಿನಲ್ಲಿ ಕ್ಯಾನನ್ ಲೈಡ್ 400

ಬಿಡಿ ಹಾಳೆಗೆ ಒಳ್ಳೆಯದು, ಹೊಲಿದ ಪುಸ್ತಕಕ್ಕೆ ಬೇಡ. ಹಳೆಯ ಕಡತ ಉಳಿಸಲು ಕ್ಯಾನನ್ ಲೈಡ್ 400 ಸ್ಕ್ಯಾನರ್ ತಗೊಳ್ಳಲೇ ಅಂತ ಕೇಳುವವರಿಗೆ ಒಂದು ಸಾಲಿನ ಉತ್ತರ ಇಷ್ಟೆ. ಆದರೆ ಸ್ಕೌಟ್ ಬೇಸಿಗೆ ಶಿಬಿರದ ಹಳೆಯ ಕಟ್ಟು ಬಿಚ್ಚಿದರೆ ಬಿಡಿ ಹಾಳೆ, ಪುಸ್ತಕ ಅಂತ ಸಲೀಸಾಗಿ ಬೇರ್ಪಡುವುದಿಲ್ಲ. ಪೋಷಕರ ಒಪ್ಪಿಗೆ ಪತ್ರ, ಸೈಕ್ಲೋಸ್ಟೈಲ್ ಸುತ್ತೋಲೆ, ರೇಷನ್ ಲೆಕ್ಕ, ಪಟ್ರೋಲ್ (ಸ್ಕೌಟ್‌ಗಳ ಚಿಕ್ಕ ತಂಡ) ಲಾಗ್ ಬುಕ್ಕು, ಶಿಬಿರಾಗ್ನಿಯ ಕಾರ್ಯಕ್ರಮ ಪಟ್ಟಿ, ಆಲ್ಬಮ್ಮಿನಿಂದ ಕಿತ್ತ ಗುಂಪು ಫೋಟೋ, ಎಲ್ಲ ಒಂದೇ ಟ್ಯಾಗಿನಲ್ಲಿ ಪೋಣಿಸಿಕೊಂಡಿರುತ್ತವೆ. ಇವು ಒಂದೊಂದರ ಮುಂದೆಯೂ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡದೆ ದುಡ್ಡು ಹಾಕಬಾರದು.

ಮೊದಲು ಮಲೆನಾಡಿಗೆ ಒಗ್ಗುವ ಗುಣ. ತೂಕ 1.7 ಕಿಲೋ. ಬೇರೆ ಅಡಾಪ್ಟರ್ ಇಲ್ಲ, ಒಂದೇ ಯುಎಸ್‌ಬಿ-ಸಿ ಕೇಬಲಿನಲ್ಲಿ ವಿದ್ಯುತ್ತೂ ಮಾಹಿತಿಯೂ ಹರಿಯುತ್ತವೆ. ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದಾಗ ಚಾರ್ಜರನ್ನು ಗೋಡೆಯಿಂದ ಕಿತ್ತಿಟ್ಟು ಮುಂದುವರಿಸಬಹುದು. ಹಳೆಯ ಶಾಲೆಯ ಅಟ್ಟದಲ್ಲೋ ಹಳ್ಳಿಯ ನಿವೃತ್ತ ಸ್ಕೌಟ್ ಮಾಸ್ಟರ್ ಮನೆಯಲ್ಲೋ ಕಡತ ಸಿಕ್ಕಿತು, ಆಚೆ ಕೊಡಲು ಅವರಿಗೆ ಮನಸ್ಸಿಲ್ಲ ಅಂದಾಗ ಯಂತ್ರವನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವುದು ಸುಲಭ. ಇಂಥ ಕಡತಗಳು ಹೆಚ್ಚಾಗಿ ಸಿಗುವುದು ಹೀಗೆಯೇ. ಎ4 ಹಾಳೆಯೊಂದು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ ಎನ್ನುತ್ತದೆ ಕಂಪನಿ. ಅದು ದೀಪ ಓಡುವ ಹೊತ್ತು ಮಾತ್ರ. ಹಾಳೆ ಎತ್ತಿ, ಇಟ್ಟು, ನೇರ ಮಾಡಿ, ಹೆಸರು ಕೊಡುವುದೂ ಸೇರಿದರೆ ಪುಟಕ್ಕೆ ಒಂದು ನಿಮಿಷ ಅಂತ ಲೆಕ್ಕ ಇಟ್ಟುಕೊಳ್ಳಿ.

ಮೊದಲ ತೊಡಕು ಅಳತೆಯದು. ಇದರ ಗಾಜು 216 ಗುಣಿಸು 297 ಮಿ.ಮೀ. ನಮ್ಮ ಶಾಲೆ, ಕಚೇರಿಗಳಲ್ಲಿ ದಶಕಗಟ್ಟಲೆ ಓಡಿದ್ದು ಫುಲ್‌ಸ್ಕೇಪ್. ಉದ್ದ 13 ಇಂಚು, ಅಂದರೆ 330 ಮಿ.ಮೀ. ಹತ್ತಿರ. ಸುತ್ತೋಲೆ, ಹಾಜರಿ, ಖರ್ಚಿನ ತಃಖ್ತೆ ಎಲ್ಲದರ ಕೆಳಗಿನ ಮೂರು ಸೆಂಟಿಮೀಟರ್ ಗಾಜಿನಾಚೆ ನಿಲ್ಲುತ್ತದೆ. ಸಹಿ, ಮೊಹರು, ತಾರೀಕು ಇರುವುದೂ ಅಲ್ಲೇ! ಇದಕ್ಕೆ ಯಂತ್ರದ ಜೊತೆಗೆ ಬರುವ ಐಜೆ ಸ್ಕ್ಯಾನ್ ಯುಟಿಲಿಟಿ ತಂತ್ರಾಂಶದಲ್ಲಿ ಎರಡು ಚಿತ್ರ ಜೋಡಿಸುವ ಸ್ಟಿಚ್ ಸೌಲಭ್ಯವಿದೆ. ಮೇಲಿನ ಭಾಗ ಒಮ್ಮೆ, ಹಾಳೆಯನ್ನು ತಿರುಗಿಸಿಟ್ಟು ಕೆಳಗಿನ ಭಾಗ ಒಮ್ಮೆ. ಹಾಳೆ ಸ್ವಲ್ಪ ವಾಲಿದರೂ ಜೋಡಿಸಿದ ಕಡೆ ಅಕ್ಷರ ಎರಡಾಗಿ ಕಾಣುತ್ತದೆ. ಗಾಜಿನ ಅಂಚಿನ ಚೌಕಟ್ಟು ತುಸು ಎತ್ತರವಿರುವುದರಿಂದ ಹೊರಗೆ ಚಾಚಿದ ಹಾಳೆ ಅಲ್ಲಿ ಮಡಚಿಕೊಳ್ಳುತ್ತದೆ, ಒಣಗಿ ಗರಿಗರಿಯಾದ ಕಾಗದ ಆ ಮಡಿಕೆಯಲ್ಲೇ ಮುರಿಯುತ್ತದೆ. ಪುಡಿಯಾಗುವ ಸ್ಥಿತಿಯ ಫುಲ್‌ಸ್ಕೇಪ್ ಹಾಳೆಯನ್ನು ಈ ಗಾಜಿನ ಮೇಲೆ ಇಡಲೇಬೇಡಿ, ಮೇಲಿನಿಂದ ಫೋಟೋ ತೆಗೆಯಿರಿ. ಕಟ್ಟಿನಲ್ಲಿ ಫುಲ್‌ಸ್ಕೇಪೇ ಹೆಚ್ಚಿದ್ದರೆ ಈ ಯಂತ್ರ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ.

ಎರಡನೆಯದು ಇನ್ನೂ ದೊಡ್ಡದು. ಇದರೊಳಗೆ ಇರುವುದು ಸಿಐಎಸ್ ಸೆನ್ಸರ್. ಅದು ಗಾಜಿಗೆ ಅಂಟಿಕೊಂಡಂತೆ ಓಡುತ್ತದೆ. ಯಂತ್ರ ಇಷ್ಟು ತೆಳ್ಳಗಿರುವುದು ಅದರಿಂದಲೇ. ಕಾಗದ ಗಾಜಿಗೆ ತಾಗಿರುವಲ್ಲಿ ಅಕ್ಷರ ಕತ್ತರಿಸಿಟ್ಟಂತೆ ಬರುತ್ತದೆ. ಕೆಲವೇ ಮಿಲಿಮೀಟರ್ ಮೇಲೆದ್ದರೂ ಮಸುಕು, ಕಪ್ಪು. ಹೊಲಿದ ಲಾಗ್ ಬುಕ್ಕಿನ ನಡುಮಡಿಕೆಯಲ್ಲಿ ಆಗುವುದು ಇದೇ. ಅಕ್ಷರ ಕಾಣಲಿ ಅಂತ ಮುಚ್ಚಳದ ಮೇಲೆ ಕೈಯೂರಿದರೆ ಬೆನ್ನಿನ ಗೋಂದು ಬಿರಿಯುತ್ತದೆ, ಹೊಲಿಗೆಯ ದಾರ ಹಾಳೆಯನ್ನು ಕೊಯ್ಯುತ್ತದೆ. ದಪ್ಪ ಪುಸ್ತಕ ಇಡಲು ಮುಚ್ಚಳ ಮೇಲೆತ್ತಿಕೊಳ್ಳುವ ಕೀಲು ಇದೆ ಅನ್ನುವುದು ನಿಜ, ಆದರೆ ಅದು ಮುಚ್ಚಳದ ಅನುಕೂಲ. ನಡುಮಡಿಕೆಯ ಮಸುಕಿಗೆ ಅದರಿಂದ ಏನೂ ಆಗುವುದಿಲ್ಲ.

ಲಾಗ್ ಬುಕ್ಕಿಗೆ ಮೊಬೈಲೇ ವಾಸಿ. ಪುಸ್ತಕವನ್ನು ಪೂರ್ತಿ ಚಪ್ಪಟೆ ಬಿಚ್ಚದೆ ಎರಡು ಬದಿಗೂ ಸುತ್ತಿದ ಟವೆಲ್ ಕೊಟ್ಟು ಅರ್ಧ ತೆರೆದು ನಿಲ್ಲಿಸಿ. ಮೊದಲು ಬಲಪುಟಗಳನ್ನೆಲ್ಲ ಸಾಲಾಗಿ ತೆಗೆದು, ಆಮೇಲೆ ತಿರುಗಿಸಿಟ್ಟು ಎಡಪುಟಗಳನ್ನು ತೆಗೆಯಿರಿ. ಮೊಬೈಲು ಸ್ಟ್ಯಾಂಡಿನಲ್ಲಿ, ಪುಟಕ್ಕೆ ಸಮಾನಾಂತರವಾಗಿ, 2 ಸೆಕೆಂಡಿನ ಟೈಮರ್ ಹಾಕಿ, ಫ್ಲ್ಯಾಶ್ ಬೇಡ. ಬೆಳಕು ಉತ್ತರದ ಕಿಟಕಿಯದಾದರೆ ಒಳ್ಳೆಯದು. ಟ್ಯೂಬ್‌ಲೈಟಿನ ನೇರ ಕೆಳಗೆ ಕೂತರೆ ಮೊಬೈಲಿನ ನೆರಳೇ ಪುಟದ ಮೇಲೆ ಬೀಳುತ್ತದೆ. ಸ್ಕ್ಯಾನಿಂಗ್ ಆ್ಯಪ್ ಬಳಸುವವರು ಅದರ ಕಪ್ಪು-ಬಿಳುಪು ಫಿಲ್ಟರ್ ತೆಗೆದುಹಾಕಿ. ಪೆನ್ಸಿಲಿನಲ್ಲಿ ಬರೆದ ಗಂಟಿನ ಚಿತ್ರ, ದಾರಿ ನಕ್ಷೆ, ಟ್ರ್ಯಾಕಿಂಗ್ ಗುರುತುಗಳನ್ನು ಆ ಫಿಲ್ಟರ್ ಕೊಳೆ ಅಂತ ತಿಳಿದು ಒರೆಸಿಹಾಕುತ್ತದೆ.

ಮತ್ತೆ ಲೈಡ್ ಕಡೆಗೆ. ಆಟೋ ಬಟನ್ ಮುಟ್ಟಬೇಡಿ. ಹಾಳೆಯ ಅಂಚನ್ನು ತಾನೇ ಊಹಿಸಿ ಕತ್ತರಿಸುತ್ತದೆ, ಅಂಚಿನಲ್ಲಿ ಬರೆದ ಟಿಪ್ಪಣಿಯೂ ಪಂಚಿಂಗ್ ತೂತೂ ಹೋಗುತ್ತವೆ. ಕ್ಯಾನನ್ನಿನದೇ ಸ್ಕ್ಯಾನ್‌ಗೇರ್ ತಂತ್ರಾಂಶ ತೆರೆದು ಬಣ್ಣದ ಮೋಡ್ ಆರಿಸಿ, ಚಿತ್ರ ತಿದ್ದುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಟೈಪ್ ಮಾಡಿದ್ದಕ್ಕೆ 300 ಡಿಪಿಐ, ಪೆನ್ಸಿಲ್ ಮತ್ತು ತೆಳು ಕಾರ್ಬನ್ ಪ್ರತಿಗೆ 400, ಫೋಟೋಗೆ 600, ಸ್ಟ್ಯಾಂಪ್ ಅಳತೆಯ ಫೋಟೋಗೆ 1200. ಪೆಟ್ಟಿಗೆಯ ಮೇಲೆ 4800 ಅಂತ ಬರೆದಿದೆ ಅಂತ ಎಲ್ಲವನ್ನೂ ಅದರಲ್ಲೇ ತೆಗೆಯಲು ಹೋಗಬೇಡಿ; ಕಾಗದದ ನಾರು ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಸಂಕುಚಿಸದ ಟಿಫ್ ಕಡತ ಎ4 ಬಣ್ಣದ ಪುಟಕ್ಕೆ 300 ಡಿಪಿಐಯಲ್ಲಿ ಸುಮಾರು 26 ಎಂಬಿ, 600ರಲ್ಲಿ ಸುಮಾರು 104 ಎಂಬಿ. ಸಾವಿರ ಪುಟಕ್ಕೆ 300ರಲ್ಲಿ 26 ಜಿಬಿ ಆಯಿತು. ಮೂಲಪ್ರತಿ ಟಿಫ್ ಇರಲಿ, ಹಂಚಲು ಬೇರೆ ಪಿಡಿಎಫ್ ಮಾಡಿಕೊಳ್ಳಿ.

ತೆಳು ಕಾಗದಕ್ಕೆ ಒಂದು ಉಪಾಯ. ಮುಚ್ಚಳದ ಒಳಬದಿ ಬಿಳಿ, ಹಾಗಾಗಿ ಹಾಳೆಯ ಹಿಂಬದಿಯ ಬರಹವೂ ತೋರಿಬರುತ್ತದೆ. ಹಾಳೆಯ ಹಿಂದೆ ಕಪ್ಪು ಡ್ರಾಯಿಂಗ್ ಶೀಟು ಇಟ್ಟರೆ ಅದು ಬಹುಪಾಲು ಅಡಗುತ್ತದೆ. ಎರಡೂ ಬದಿ ಒತ್ತಾಗಿ ಬರೆದ ಒಪ್ಪಿಗೆ ಪತ್ರಗಳನ್ನು ಓದಲು ಇದರಿಂದಲೇ ಆಗುತ್ತದೆ. ನೆಗೆಟಿವ್ ಮಾತ್ರ ಈ ಯಂತ್ರದಲ್ಲಿ ಆಗುವುದಿಲ್ಲ, ಮೇಲಿನಿಂದ ಬೆಳಕು ಕೊಡುವ ದೀಪವೇ ಇದರಲ್ಲಿಲ್ಲ. ಅದಕ್ಕೆ ಎಪ್ಸನ್ ವಿ600 ತರಹದ್ದು ಬೇಕು. ಅದರ ಸಿಸಿಡಿ ಸೆನ್ಸರ್ ಮೇಲೆದ್ದ ಕಾಗದವನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಯಂತ್ರ ಭಾರ, ಗೋಡೆಯ ಪ್ಲಗ್ಗೂ ಬೇಕು.

ಜೆರಾಕ್ಸ್ ಅಂಗಡಿಯ, ಹಾಳೆಯನ್ನು ತಾನೇ ಎಳೆದುಕೊಳ್ಳುವ ವೇಗದ ಫೀಡರಿಗೆ ಕೊಟ್ಟರೆ ಅರ್ಧ ದಿನದಲ್ಲಿ ಮುಗಿಯುತ್ತದಲ್ಲ ಅನ್ನುವವರಿದ್ದಾರೆ. ಈಚಿನ ಗಟ್ಟಿ ಎ4 ಹಾಳೆಗಳಿಗೆ ಸರಿ. ಹಳೆಯ ಸೈಕ್ಲೋಸ್ಟೈಲ್ ಕಾಗದ ಬ್ಲಾಟಿಂಗಿನಂತೆ ಮೆತ್ತಗಿರುತ್ತದೆ, ಫೀಡರಿನ ರೋಲರ್ ಅದನ್ನು ಮುದ್ದೆ ಮಾಡಿ ಹೊರಗೆ ಹಾಕುತ್ತದೆ. ಗಮನಕ್ಕೆ ಬಾರದ ಒಂದು ಗುಂಡುಪಿನ್ನು ಸಾಕು, ಹಾಳೆಯೂ ಹೋಯಿತು ಗಾಜಿಗೂ ಗೀರು ಬಿತ್ತು.

ಯಂತ್ರ ಎಷ್ಟೇ ಒಳ್ಳೆಯದಿರಲಿ, ಮಲೆನಾಡಿನಲ್ಲಿ ಕೆಲಸ ಕೆಡುವುದು ಅದಕ್ಕೂ ಮುಂಚೆ, ಥಂಡಿಯಲ್ಲಿ. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಮಾತು ಬಿಡಿ, ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಮನೆಯಲ್ಲೂ ಆರಿದ್ರಾ ಮಳೆ ಹಿಡಿದ ಮೇಲೆ ಕಾಗದ ಒಣಗಿರುವುದಿಲ್ಲ. ಗಾಳಿಯ ತೇವಾಂಶ 65 ಶೇಕಡಾ ಮೀರಿ ನಿಂತರೆ ಬೂಷ್ಟು ಏಳುತ್ತದೆ. ಹಾಗಾಗಿ ಕಟ್ಟು ಬಿಚ್ಚುವ ಕೆಲಸವನ್ನು ಶಿವರಾತ್ರಿ-ಯುಗಾದಿ ನಡುವಿನ ಒಣ ದಿನಗಳಿಗೆ ಇಟ್ಟುಕೊಳ್ಳಿ. ಬೂಷ್ಟು ಹಿಡಿದ ಹಾಳೆಯನ್ನು ಹಸಿ ಇರುವಾಗ ಒರೆಸಿದರೆ ಅದು ನಾರಿನೊಳಕ್ಕೆ ಉಜ್ಜಿಕೊಂಡು ಹೋಗುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರ ಬೀಳದಂತೆ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಗುಡಿಸಿ. ಹಪ್ಪಳ ಒಣಗಿಸಿದ ಹಾಗೆ ಅಂಗಳದ ಬಿಸಿಲಿಗೆ ಹರಡುವ ರೂಢಿ ನಮ್ಮಲ್ಲಿದೆ. ನೇರಳೆ ಬಣ್ಣದ ಸ್ಪಿರಿಟ್ ಡೂಪ್ಲಿಕೇಟರ್ ಪ್ರತಿಗಳಿಗೆ ಅದೇ ಮುಳುವು, ಆ ಬಣ್ಣ ಬೆಳಕಿಗೆ ಬಿಳಿಚಿಕೊಳ್ಳುತ್ತದೆ. ಇಂಥವನ್ನು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ.

ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದಿದ್ದರೆ ಎಳೆಯಬೇಡಿ. ಹಿಂಬದಿಯ ಎರಡು ಕಾಲುಗಳನ್ನು ತೆಳು ಚಾಕುವಿನ ಮೊಂಡು ಬದಿಯಿಂದ ನೆಟ್ಟಗೆ ಮಾಡಿ, ಕಾಗದವನ್ನು ಪಿನ್ನಿನಿಂದ ಬಿಡಿಸಿ. ಹಾಳೆಗಳ ಕ್ರಮ ಬದಲಿಸಬಾರದು: ಬಿಚ್ಚುವ ಮುಂಚೆಯೇ ಪ್ರತಿ ಹಾಳೆಯ ಹಿಂದೆ, ಮೇಲಿನ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಕಟ್ಟಿನ ಸಂಖ್ಯೆ, ಹಾಳೆಯ ಸಂಖ್ಯೆ ಹಗುರವಾಗಿ ಬರೆಯಿರಿ. ಕಂಪ್ಯೂಟರಿನಲ್ಲಿ ಕಡತದ ಹೆಸರೂ ಅದೇ ಆಗಲಿ, ಮುಂದೆ ವರ್ಷ ಸೇರಿಸಿ.

ವರ್ಷ ಗೊತ್ತಿಲ್ಲದ ಹಾಳೆಯೇ ಹೆಚ್ಚು. ತಾರೀಕಿಲ್ಲದ ರೇಷನ್ ಲೆಕ್ಕದ ಪುಟ ತೆಗೆದುಕೊಳ್ಳಿ. ಬಲಬದಿಯಲ್ಲಿ ರೂಪಾಯಿ, ಆಣೆ, ಪೈ ಅಂತ ಮೂರು ಮನೆ ಗೆರೆ ಎಳೆದಿದ್ದು, ಆಣೆಯ ಮನೆಯಲ್ಲಿ 15ಕ್ಕಿಂತ ದೊಡ್ಡ ಅಂಕಿ ಎಲ್ಲೂ ಇಲ್ಲದಿದ್ದರೆ ಅದು ಹೆಚ್ಚುಕಮ್ಮಿ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ಎರಡೇ ಮನೆ ಇದ್ದು ‘ನ.ಪೈ.’ (ನಯಾ ಪೈಸೆ) ಅಂತ ಬರೆದಿದ್ದರೆ ಆ ದಿನಕ್ಕೂ 1964ರ ಜೂನ್ 1ಕ್ಕೂ ನಡುವಿನದಾಗಿರುವ ಸಾಧ್ಯತೆ ಹೆಚ್ಚು, ಆಮೇಲೆ ‘ನಯಾ’ ಬಿಟ್ಟುಹೋಯಿತು. ‘ನಾಲ್ಕಾಣೆ’ ಅನ್ನುವ ಮಾತನ್ನು ನಂಬಬೇಡಿ, ಜನ ಅದನ್ನು ಆಮೇಲೂ ಬಿಡಲಿಲ್ಲ. ಗೆರೆ ಎಳೆದ ಮನೆಗಳನ್ನು ನಂಬಿ. ಅಕ್ಕಿ ಸೇರಿನಲ್ಲಿದೆಯೋ ಕಿಲೋದಲ್ಲೋ ನೋಡಿದರೆ ಅಂದಾಜು ಇನ್ನಷ್ಟು ಬಿಗಿಯಾಗುತ್ತದೆ. ತಲೆಬರಹದ ಕಾಗದದಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂದಿದ್ದರೆ 1950ರ ನವೆಂಬರ್ 7ರ ನಂತರದ್ದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಅಚ್ಚಾಗಿದ್ದರೆ 1972ರ ಆಗಸ್ಟ್ 15ರ ನಂತರ. ‘ಕರ್ನಾಟಕ ರಾಜ್ಯ’ ಅಂತಿದ್ದರೆ 1973ರ ನವೆಂಬರ್ 1ರ ನಂತರ. ಆದರೆ ‘ಮೈಸೂರು ರಾಜ್ಯ’ ಅಂತಿದೆ, ಹಾಗಾಗಿ 1973ಕ್ಕಿಂತ ಹಿಂದಿನದು ಅಂತ ತೀರ್ಮಾನಿಸಿದರೆ ಜಾರುತ್ತೀರಿ. ಅಚ್ಚು ಹಾಕಿಸಿದ ಕಾಗದ ಮುಗಿಯುವವರೆಗೂ ಕಚೇರಿಗಳು ಅದನ್ನೇ ಬಳಸುತ್ತಿದ್ದವು, ಹಳೆಯ ಹೆಸರಿನ ಮೇಲೆ ಒಂದು ಗೆರೆ ಎಳೆದೋ ಎಳೆಯದೆಯೋ. ಹೊಸ ಹೆಸರು ಮಾತ್ರ ಗಟ್ಟಿ ಸಾಕ್ಷಿ. ಊಹಿಸಿದ ವರ್ಷವನ್ನು ಕಡತದ ಹೆಸರಿನಲ್ಲಿ ‘ಸು’ (ಸುಮಾರು) ಸೇರಿಸಿ ಬೇರೆ ಮಾಡಿ. ಬಣ್ಣದ ಸ್ಕ್ಯಾನ್ ಬೇಕು ಅನ್ನುವುದೂ ಇದಕ್ಕಾಗಿಯೇ. ಕೆಂಪು ಗೆರೆ, ನೀಲಿ ಮೊಹರು, ಆಮೇಲೆ ಬೇರೆ ಶಾಯಿಯಲ್ಲಿ ತಿದ್ದಿದ್ದು ಕಪ್ಪು-ಬಿಳುಪಿನಲ್ಲಿ ಒಂದಾಗಿಬಿಡುತ್ತವೆ.

ಹುಡುಕಲು ಅನುಕೂಲವಾಗಲಿ ಅಂದರೆ ಪುಟವನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಿನಲ್ಲಿ ತೆರೆಯಿರಿ, ಅಚ್ಚಿನ ಕನ್ನಡ ಪಠ್ಯವಾಗುತ್ತದೆ. ಕೈಬರಹ ಬೆರಳಚ್ಚೇ ಆಗಬೇಕು. ಮಕ್ಕಳ ವಿಳಾಸ, ವೈದ್ಯಕೀಯ ತಪಾಸಣೆಯ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಆದರೆ ಇಂಟರ್‌ನೆಟ್ಟಿಗೆ ಹಾಕಬೇಡಿ.

ಸ್ಕ್ಯಾನ್ ಆಯಿತು ಅಂತ ಮೂಲ ಕಾಗದ ಎಸೆಯಬಾರದು, ಲ್ಯಾಮಿನೇಷನ್ನೂ ಮಾಡಿಸಬಾರದು; ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ. ಗಂಜಿ ಪೂರ್ತಿ ಹೋಗುವಂತೆ ತೊಳೆದ ಕೋರಾ ಬಟ್ಟೆಯಲ್ಲಿ ಸುತ್ತಿಡಿ. ಗಂಜಿ ಉಳಿದರೆ ಹುಳಕ್ಕೆ ಊಟ. ಕಚೇರಿಯ ಕೆಂಪು ಬಟ್ಟೆ ನೆನೆದರೆ ಬಣ್ಣ ಬಿಡುತ್ತದೆ. ತಾಳೆಗರಿ ಕಟ್ಟುಗಳ ಜೊತೆ ಇಡುತ್ತಿದ್ದ ಬಜೆಯ ಪುಡಿಯನ್ನು ಗಂಟು ಕಟ್ಟಿ ಬಟ್ಟೆಯ ಹೊರಗಿಡಬಹುದು, ಹಾಳೆಯ ಮೇಲೆ ಉದುರಿಸಬೇಡಿ. ಬೀರುವನ್ನು ಮಳೆ ಬಡಿಯುವ ಪಡುವಣ ಗೋಡೆಯಿಂದ ದೂರ, ನೆಲದಿಂದ ನಾಲ್ಕು ಇಂಚು ಮೇಲೆ ನಿಲ್ಲಿಸಿ. ಸಂದಿಯಿರುವ ಬೀರುವಿನಲ್ಲಿ ಸಿಲಿಕಾ ಜೆಲ್ ಇಡುವುದು ದಂಡ. ಅದು ಕೆಲಸ ಮಾಡುವುದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮಾತ್ರ. ಕಿತ್ತಳೆ ಬಣ್ಣದ್ದನ್ನೇ ಕೇಳಿ, ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ.

ಯಂತ್ರಕ್ಕೂ ಈ ಥಂಡಿ ತಪ್ಪಿದ್ದಲ್ಲ. ಬೂಷ್ಟಿನ ಕಾಗದ ಇಟ್ಟ ದಿನ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿಕೊಂಡು ಗಾಜು ಒರೆಸಿ. ಗಾಜಿಗೇ ಸಿಂಪಡಿಸಿದರೆ ಅಂಚಿನಿಂದ ಒಳಗಿಳಿದು ಪ್ರತಿ ಚಿತ್ರದಲ್ಲೂ ಕಲೆಯಾಗಿ ಕೂರುತ್ತದೆ. ಜೂನ್ ಬರುವ ಮುಂಚೆ ಯಂತ್ರವನ್ನೂ ಒಂದು ಬಿಗಿ ಡಬ್ಬಿಗೆ ಹಾಕಿ, ಜೆಲ್ ಪೊಟ್ಟಣ ಎರಡು ಜೊತೆಗಿಟ್ಟು, ಅಟ್ಟಕ್ಕಲ್ಲ, ನಡುಮನೆಯ ಬೀರುವಿನಲ್ಲಿಡಿ.