ದೊಡ್ಡ ಟ್ಯಾಂಕಿಗೆ ಫಿಲ್ಟರ್: ಒಳಗಿನದಾ, ಹೊರಗಿನದಾ?

ಕಲಬುರಗಿಯ ನಮ್ಮ ಮನೆಯ ಮೀನಿನ ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಹೆಚ್ಚುಕಡಿಮೆ 250 ಲೀಟರ್ ನೀರು. ಮೊದಲು ಒಳಗಿನ ಫಿಲ್ಟರ್ ಹಾಕಿದ್ದೆ. ಅಗ್ಗ, ನೆಲಕ್ಕೆ ಸೋರುವ ಭಯವಿಲ್ಲ. ಆದರೆ ಗೋಲ್ಡ್‌ಫಿಶ್ ಹೊಲಸಿಗೆ ಸ್ಪಂಜು ನಾಲ್ಕೇ ದಿನದಲ್ಲಿ ಕಂದು ಲೋಳೆ. ಮೋಟರ್ ಮುಳುಗಿರುವುದರಿಂದ ಅದರ ಬಿಸಿಯೂ ನೀರಿಗೇ. ಮೇ ತಿಂಗಳ 40 ಡಿಗ್ರಿ ಬಿಸಿಲು ಸಾಲದಾ?

ಹೊರಗಿನ ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಹೊರಗೆ ಇಟ್ಟು ಪೈಪಿನಿಂದ ಜೋಡಿಸುವ ಮುಚ್ಚಿದ ಡಬ್ಬಿಯ ಫಿಲ್ಟರ್, ದುಬಾರಿ. ಆದರೆ ಡಬ್ಬಿ ದೊಡ್ಡದು, ಸ್ಪಂಜು, ಸೆರಾಮಿಕ್ ರಿಂಗ್ (ಬ್ಯಾಕ್ಟೀರಿಯಾ ಬೆಳೆಯಲು ಹಾಕುವ ಸಣ್ಣ ಬಳೆಗಳು) ಜಾಸ್ತಿ ಹಿಡಿಸುತ್ತವೆ. ನಾನು ತಿಂಗಳಿಗೊಮ್ಮೆ ತೊಳೆಯುತ್ತೇನೆ, ಅಷ್ಟೇ. ತಕರಾರು ಒಂದೇ: ಕರೆಂಟ್ ತಾಸುಗಟ್ಟಲೆ ಹೋದರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ಮೀನಿನ ಹೊಲಸನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಇನ್ವರ್ಟರ್ ಇದ್ದರೆ ಸುಮ್ನೆ ಕ್ಯಾನಿಸ್ಟರ್ ತಗೊಳ್ಳಿ, ಗಂಟೆಗೆ 1000 ಲೀಟರ್ ಎಳೆಯುವಂಥದ್ದು. ಯಾವುದೇ ಇರಲಿ, ಸ್ಪಂಜನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ನಲ್ಲಿ ನೀರಿನ ಕ್ಲೋರಿನ್‌ಗೂ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ.