ಹಳೆಯ ಬಾಸೆಲ್ ಮಿಶನ್ ಹಂಚು: ಮತ್ತೆ ಮಾಡಿಗೇರಿಸಬಹುದೇ?

ಕಳೆದ ಬೇಸಗೆಯಲ್ಲಿ ಮನೆಯ ಮಾಡನ್ನು ಬಿಚ್ಚಿಸಿದಾಗ, ಒಡೆದ ಹಂಚುಗಳ ಜಾಗಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮತಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹಳೆಯ ಹಂಚುಗಳನ್ನೇ ಹುಡುಕಿ ತಂದು ಹೊದಿಸಿದೆವು. ಒಂದು ಮಳೆಗಾಲ ಪೂರ್ತಿ ಕಳೆದಿರುವುದರಿಂದ ಅವುಗಳ ಗುಣದೋಷಗಳ ಬಗ್ಗೆ ಈಗ ಧೈರ್ಯವಾಗಿ ಬರೆಯಬಹುದು.

ಕೈಗೆತ್ತಿಕೊಂಡರೆ ಮೊದಲು ಅರಿವಿಗೆ ಬರುವುದು ತೂಕ. ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನ ತಟ್ಟೆಯಂತೆ ಠಣ್ಣೆನ್ನುತ್ತದೆ. ಬೇಯದ ಹಂಚಾದರೆ ಸದ್ದು ಮಂಕು. ಮಗುಚಿದರೆ ರೀಪಿಗೆ ಸಿಕ್ಕಿಕೊಳ್ಳುವ ಗುಬುಟುಗಳು, ಅವುಗಳ ನಡುವೆ ಕಾರ್ಖಾನೆಯ ಹೆಸರು. ಒಂದು ಹಂಚಿನ ಅಂಚು ಪಕ್ಕದ್ದರ ಕಾಲುವೆಯೊಳಗೆ ಕೂರುವ ಈ ಜೋಡಣೆಯೇ, ವರ್ಷವರ್ಷವೂ ಮುಳಿಹುಲ್ಲು ಹೊದಿಸಿಕೊಳ್ಳುತ್ತಿದ್ದ ಕರಾವಳಿಯ ಮನೆಗಳಿಗೆ ದೊಡ್ಡ ನೆಮ್ಮದಿ ತಂದಿತು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡು ಕುಲಕಸುಬನ್ನೂ ನಂಟರ ಆಸರೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸಬೇಕಾದಾಗ ನೇಯ್ಗೆಯ ಜತೆಗೆ ಹಂಚಿನ ಕಡೆಗೂ ಅವರ ಗಮನ ಹರಿಯಿತು. ಮಿಶನ್ನಿನ ಮುದ್ರಣಾಲಯದಲ್ಲಿ ದುಡಿದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಆವೆಮಣ್ಣು ನದಿಯಂಚಿನಲ್ಲೇ ಸಿಗುತ್ತಿತ್ತು, ಸುಟ್ಟ ಸರಕು ದೋಣಿಯಲ್ಲೇ ಬಂದರು ಸೇರುತ್ತಿತ್ತು. ಅಕ್ಷರ ಅಚ್ಚೊತ್ತುವುದನ್ನು ಬಲ್ಲ ಕೈಗೆ ಮಣ್ಣು ಅಚ್ಚೊತ್ತುವುದೂ ಒಲಿಯಿತೆನ್ನಬೇಕು. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲೂ ಕಾರ್ಖಾನೆಗಳೆದ್ದು, ಹಂಚಲ್ಲದೆ ಇಟ್ಟಿಗೆ, ನೆಲಕ್ಕೆ ಹಾಸುವ ಬಿಲ್ಲೆಗಳೂ ತಯಾರಾದವು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಈ ಉದ್ಯಮವನ್ನು ವಶಪಡಿಸಿಕೊಂಡಿತು. ಅನಂತರ ಅದು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಯಿತು.

ಹೆಸರಿಗೆ ಮರುಳಾಗಿ ಮೋಸಹೋಗುವುದೂ ಸುಲಭ. ನಮಗೆ ಹಳೆ ಸಾಮಾನು ಮಾರಿದವರು ಮೇಲಿನ ಸಾಲುಗಳಲ್ಲಿ ಬಾಸೆಲ್ ಹಂಚನ್ನು ಪೇರಿಸಿ, ಅಡಿಯಲ್ಲಿ ಬೇರೆ ಕಾರ್ಖಾನೆಗಳದ್ದನ್ನು ಸೇರಿಸಿದ್ದರು. ನೋಟಕ್ಕೆ ಒಂದೇ ರೀತಿ ಇದ್ದರೂ ಅಚ್ಚಿನ ಅಳತೆ ಕೂದಲೆಳೆಯಷ್ಟು ತಪ್ಪಿದರೆ ಕಾಲುವೆಗಳು ಕೂಡುವುದಿಲ್ಲ; ಆಷಾಢದ ಗಾಳಿಮಳೆಗೆ ಪಡಸಾಲೆಯ ಮೂಲೆಯಲ್ಲಿ ಪಾತ್ರೆಯಿಟ್ಟದ್ದು ಈ ಬೆರಕೆಯಿಂದಲೇ. ಒಂದೊಂದನ್ನೂ ಮಗುಚಿ ಓದಿ, ತಟ್ಟಿ ನೋಡಿ, ನಾಲ್ಕನ್ನು ನೆಲದ ಮೇಲೆ ಜೋಡಿಸಿ ನೋಡಿದ ಮೇಲೆಯೇ ಹಣ ಕೊಡಬೇಕು.

ಅಸಲಿ ಹಂಚು ಹೊದಿಸಿದ ಭಾಗದಲ್ಲಿ ಮಾತ್ರ ಒಂದು ಹನಿಯೂ ಒಳಗಿಳಿಯಲಿಲ್ಲ. ಪಾಚಿ ಹಿಡಿದಿದೆ, ಬಣ್ಣ ಕಪ್ಪಾಗಿದೆ. ಹೊಳಪು ಬೇಕೆನ್ನುವವರು ಹೊಸದನ್ನೇ ಕೊಳ್ಳಲಿ. ನಮ್ಮ ಹಟ್ಟಿಯ ಮಾಡಿಗೂ ಇದನ್ನೇ ಹುಡುಕುತ್ತಿದ್ದೇವೆ.