ಮಡಚುವಾಗ ಬೆರಳು ಎಲ್ಲಿರುತ್ತದೆ?

ಮಡಚುವ ಚಾಕು ಮಾರುವವರು ಅದನ್ನು ಬಿಚ್ಚಿ ತೋರಿಸುತ್ತಾರೆ. ನಾನು ಮೊದಲು ಮಡಚಿ ನೋಡುತ್ತೇನೆ. ಬಿಚ್ಚುವಾಗ ಅಲಗು ಕೈಯಿಂದ ದೂರ ಹೋಗುತ್ತದೆ, ಮಡಚುವಾಗ ಕೈಯತ್ತ ಬರುತ್ತದೆ. ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿದಿಡುವುದೇ ಲಾಕ್. ಯಾವ ಲಾಕ್ ಎಷ್ಟು ಕಿಲೋ ಭಾರ ತಡೆಯುತ್ತದೆ ಎಂಬ ವಾದ ಜಗಲಿಯ ಮೇಲೆ ಕೂತು ಹರಟುವುದಕ್ಕೆ ಚೆನ್ನಾಗಿರುತ್ತದೆ. ತೋಟದಲ್ಲಿ ಕೈಗೆ ಹಲಸಿನ ಮೇಣ ಹತ್ತಿ, ಮೇಲಿಂದ ಮಳೆ ಸುರಿಯುತ್ತಿರುವಾಗ ನನಗೆ ಬೇಕಾದದ್ದು ಒಂದೇ: ಲಾಕ್ ಬಿಡಿಸುವ ಬೆರಳು ಅಲಗಿನ ದಾರಿಗೆ ಅಡ್ಡ ಬರಬಾರದು. ಬಳಸಿ ನೋಡಿದ ಚಾಕುಗಳನ್ನೆಲ್ಲ ಈ ಒಂದು ಅಳತೆಯಲ್ಲೇ ತೂಗಿದ್ದೇನೆ.

ನನ್ನ ಜೇಬಿನ ಚಾಕುವಿಗೆ ದೊಡ್ಡ ಕೆಲಸವೇನೂ ಇಲ್ಲ. ಸೊಪ್ಪು ಕಡಿಯಲು ಕತ್ತಿ ಇದೆ. ಗೊಬ್ಬರದ ಚೀಲದ ಹೊಲಿಗೆ ಬಿಡಿಸುವುದು, ಹನಿ ನೀರಾವರಿಯ ಪೈಪು ಕತ್ತರಿಸುವುದು, ಬಾಳೆಗೊನೆಗೆ ಬಿಗಿದ ಹಗ್ಗ, ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ, ನಡುವೆ ಒಂದು ಮಾವಿನಹಣ್ಣು. ಜೊತೆಗೆ ನಾನು ಎಡಚ. ಕೆಲವು ತೀರ್ಪುಗಳು ಬಲಗೈಯವರಿಗೆ ಅನ್ಯಾಯವೆನಿಸಿದರೆ ಕಾರಣ ಅದೇ.

ಲಾಕೇ ಇಲ್ಲದ ಚಾಕುವಿನಿಂದ ಶುರು ಮಾಡುತ್ತೇನೆ. ಸ್ವಿಟ್ಜರ್ಲೆಂಡಿನ ಈಬಾಖ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದ ಕಾರ್ಖಾನೆಯೇ ಇಂದಿನ ವಿಕ್ಟೋರಿನಾಕ್ಸ್. ಅವರ ಕೆಂಪು ಹಿಡಿಯ ಚಾಕುವನ್ನು ನೋಡದವರು ಕಡಿಮೆ. ನನ್ನ ಬಳಿ ಇರುವುದು ಅಲ್ಯೂಮಿನಿಯಂ ಹಿಡಿಯ, 93 ಮಿಲಿಮೀಟರ್ ಉದ್ದದ ಪಯೊನಿಯರ್. ಇಂಥದ್ದನ್ನು ಸ್ಲಿಪ್ ಜಾಯಿಂಟ್ ಎನ್ನುತ್ತಾರೆ. ಬೆನ್ನಿನಲ್ಲಿರುವ ಪಟ್ಟಿ ಸ್ಪ್ರಿಂಗು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಲಾಕ್ ಇಲ್ಲವೆಂದು ಹೆದರುವವರಿದ್ದಾರೆ. ಅಲಗನ್ನು ಎಳೆದು ಕೊಯ್ಯುವಾಗ ಒತ್ತಡವೆಲ್ಲ ಅದನ್ನು ಇನ್ನಷ್ಟು ಬಿಚ್ಚುವ ದಿಕ್ಕಿಗೇ ಬೀಳುವುದರಿಂದ ಅದು ಮಡಚಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಪಾಯವಿರುವುದು ಮೊನೆಯಿಂದ ಚುಚ್ಚಿ ತೂತು ಕೊರೆಯಲು ಹೋದಾಗ. ಆ ಕೆಲಸಕ್ಕೆಂದೇ ಪಯೊನಿಯರ್‌ನಲ್ಲಿ ಬೇರೆ ದಬ್ಬಳವಿದೆ. ಲಾಕ್ ಇಲ್ಲದ್ದರಿಂದ ಜನ ಅದನ್ನು ಅಂಗೈಗಳ ನಡುವೆ ನಿಧಾನವಾಗಿ, ಮರ್ಯಾದೆಯಿಂದ ಮಡಚುತ್ತಾರೆ. ನನ್ನ ತಕರಾರು ಬಿಚ್ಚುವುದರ ಬಗ್ಗೆ. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು, ನೆನೆದು ಮೆತ್ತಗಾದ ಉಗುರಿಗೆ ಆ ಸ್ಪ್ರಿಂಗು ಜಗ್ಗುವುದಿಲ್ಲ.

ಮುಂದಿನದು ಒಪಿನೆಲ್. ಈ ಸಾಲಿನಲ್ಲಿ ನನಗೆ ಅತಿ ಪ್ರೀತಿಯದು ಇದೇ ಆದ್ದರಿಂದ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಫ್ರಾನ್ಸಿನ ಸವೋಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದು ಮಾಡಿದ ಚಾಕು. ಬೀಚ್ ಮರದ ಉರುಟು ಹಿಡಿ, ತೆಳುವಾದ ಅಲಗು, ಒಂದು ಮೊಳೆ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಇದಕ್ಕೆ ಲಾಕ್ ಸೇರಿಸಿದರು. ಒನಕೆಯ ತುದಿಗೆ ಹಾಕುವ ಅಣಸಿನಂತೆ ಹಿಡಿಯ ಕೊರಳಿಗೆ ಉಕ್ಕಿನ ಬಳೆಯೊಂದಿದೆ, ಅದರಲ್ಲಿ ಒಂದು ಸೀಳು. ಸೀಳು ಅಲಗಿನ ನೇರಕ್ಕೆ ಬಂದರೆ ಅಲಗು ಓಡಾಡುತ್ತದೆ, ಬಳೆಯನ್ನು ತುಸು ತಿರುಗಿಸಿದರೆ ನಿಂತುಬಿಡುತ್ತದೆ. ಈಗ ಬರುವವುಗಳಲ್ಲಿ ಮಡಚಿದ ಸ್ಥಿತಿಯಲ್ಲೂ ಹೀಗೆ ಭದ್ರಪಡಿಸಬಹುದು. ಸ್ಪ್ರಿಂಗಿಲ್ಲ, ಎಡ ಬಲ ಎಂಬ ಭೇದವಿಲ್ಲ. ಹೆಬ್ಬೆರಳು ಬಳೆ ತಿರುಗಿಸುತ್ತದೆ, ಆಮೇಲೆ ಇನ್ನೊಂದು ಕೈ ಅಲಗಿನ ಬೆನ್ನು ಹಿಡಿದು ಮಡಚುತ್ತದೆ. ಲಾಕ್ ಬಿಡಿಸುವುದು ಮತ್ತು ಮಡಚುವುದು ಬೇರೆ ಬೇರೆ ಕೆಲಸಗಳಾಗಿರುವುದರಿಂದ ಬೆರಳು ಅಲಗಿಗೆ ಸಿಕ್ಕುವ ಸಂದರ್ಭವೇ ಬರುವುದಿಲ್ಲ.

ಒಪಿನೆಲ್ ಗಾತ್ರಗಳಿಗೆ ನಂಬರು ಕೊಡುತ್ತದೆ. ನನ್ನದು 8ನೇ ನಂಬರು, ಅಲಗು 8.5 ಸೆಂಟಿಮೀಟರ್, ತೂಕ ಸುಮಾರು 50 ಗ್ರಾಂ. ಮಾವನ್ನು ಹೋಳು ಮಾಡಲು ಇದರ ಮುಂದೆ ದಪ್ಪ ಅಲಗಿನ ದುಬಾರಿ ಚಾಕುಗಳು ನಿಲ್ಲುವುದಿಲ್ಲ. ಅವು ಹಣ್ಣನ್ನು ಸೀಳುತ್ತವೆ, ಇದು ಕೊಯ್ಯುತ್ತದೆ. ಕಾರ್ಬನ್ ಉಕ್ಕಿನದನ್ನು ಕೊಂಡರೆ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಮೊನಚು ಬರುತ್ತದೆ. ಆದರೆ ಹಸಿ ಅಡಿಕೆ ಕೊಯ್ದರೆ ಅಲಗು ನೋಡನೋಡುತ್ತಿದ್ದಂತೆ ನೀಲಿಗಪ್ಪಾಗುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು, ತುಕ್ಕಲ್ಲ. ನಾನು ಅದನ್ನು ಉಜ್ಜಿ ತೆಗೆಯುವುದಿಲ್ಲ.

ಮರದ ಹಿಡಿಯ ಗುಣವೂ ಗೊತ್ತಿರಬೇಕು. ಮರ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದರೆ ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಸವೋಯ್‌ನವರಿಗೆ ಇದು ಹೊಸದಲ್ಲ. ಬಳೆ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿ ಅಲಗಿನ ಮೂತಿಯನ್ನು ಹೊರಕ್ಕೆ ಬರಿಸುವ ಪದ್ಧತಿ ಅವರದ್ದೇ. ಬೇಸಗೆಯಲ್ಲಿ ಹಿಡಿಗೆ ಅಗಸೆ ಎಣ್ಣೆ ಕುಡಿಸಿಟ್ಟರೆ ಬಹುಮಟ್ಟಿಗೆ ನಿಭಾಯಿಸಬಹುದು. ಆದರೂ ಆರಿದ್ರೆ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮರ ಒಣಗುತ್ತದೆಯೇ?

ಬ್ಯಾಕ್ ಲಾಕ್ ಎಂದರೆ ಎಲ್ಲರೂ ಅಮೆರಿಕದ ಬಕ್ 110ರ ಹೆಸರು ಹೇಳುತ್ತಾರೆ. 1964ರಲ್ಲಿ ಬಂದ ಬೇಟೆಗಾರರ ಚಾಕು. ಬೆನ್ನಿನುದ್ದಕ್ಕೂ ಒಂದು ಸನ್ನೆಪಟ್ಟಿ, ಅದರ ಕೊಕ್ಕು ಅಲಗಿನ ಬುಡದ ಕಚ್ಚಿನೊಳಗೆ ಬೀಳುತ್ತದೆ. ಹಿಂಬದಿ ಒತ್ತಿದರೆ ಕೊಕ್ಕು ಮೇಲೇಳುತ್ತದೆ. ಎಡಚರಿಗೂ ಬಲಚರಿಗೂ ಒಂದೇ. ಹಿತ್ತಾಳೆಯ ಅಂಚು, ಕರಿಮರದ ಹಿಡಿ ನೋಡಲು ಬಲು ಚೆಂದ. ತೂಕ 200 ಗ್ರಾಂ! ಚಡ್ಡಿಯ ಜೇಬಿಗೆ ಹಾಕಿಕೊಂಡರೆ ಒಂದು ಕೈ ಚಡ್ಡಿಯನ್ನು ಹಿಡಿದುಕೊಳ್ಳಬೇಕು. ಅದಕ್ಕೇ ಅದರೊಡನೆ ಸೊಂಟಪಟ್ಟಿಗೆ ಸಿಕ್ಕಿಸುವ ಚೀಲ ಕೊಡುತ್ತಾರೆ, ಆದರೆ ತೋಟಕ್ಕೆ ಹೋಗುವಾಗ ಸೊಂಟಪಟ್ಟಿ ಕಟ್ಟುವವರು ಯಾರು? ಹಗುರವಾದ ಬ್ಯಾಕ್ ಲಾಕ್‌ಗಳೂ ಇವೆ. ಸ್ಪೈಡರ್ಕೊದ ಡೆಲಿಕಾ ಅಂಥದ್ದು. ಅಲಗಿನ ಮೇಲಿನ ದುಂಡು ತೂತಿಗೆ ಹೆಬ್ಬೆರಳು ಇಟ್ಟು ಒಂದೇ ಕೈಯಲ್ಲಿ ಬಿಚ್ಚಬಹುದು. ಆ ತೂತನ್ನೂ ಜೇಬಿನ ಕ್ಲಿಪ್ಪನ್ನೂ ಈ ಕಂಪನಿ 1981ರಿಂದ ಬಳಸುತ್ತಿದೆ. ಬ್ಯಾಕ್ ಲಾಕ್‌ನ ಶತ್ರು ಕೊಳೆ. ಕಚ್ಚಿನೊಳಗೆ ಮಣ್ಣೋ ಒಣಗಿದ ಮೇಣವೋ ಕೂತರೆ ಕೊಕ್ಕು ಪೂರ್ತಿ ಇಳಿಯುವುದಿಲ್ಲ. ನೋಡುವವರಿಗೆ ಮಾತ್ರ ಲಾಕ್ ಆದಂತೆಯೇ ಕಾಣುತ್ತದೆ.

ಲೈನರ್ ಲಾಕ್ ನನಗೆ ಆಗಿಬರುವುದಿಲ್ಲ. ಇಂದು ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಚಾಕುಗಳಲ್ಲಿ ಇದೇ ಹೆಚ್ಚು, ಈಗಿನ ರೂಪವನ್ನು 1980ರ ದಶಕದಲ್ಲಿ ಬೆಳೆಸಿದವರು ಮೈಕಲ್ ವಾಕರ್. ಹಿಡಿಯೊಳಗಿನ ತೆಳು ಲೋಹದ ತಗಡು ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಬಿಡಿಸಲು ಹೆಬ್ಬೆರಳನ್ನು ಹಿಡಿಯ ಸಂದಿಗೆ ತೂರಿಸಿ ತಗಡನ್ನು ಪಕ್ಕಕ್ಕೆ ತಳ್ಳಬೇಕು. ಅಂದರೆ ಅಲಗು ಬಂದು ಕೂರುವ ಜಾಗದಲ್ಲೇ ಬೆರಳು! ಅರ್ಧ ಮಡಚಿದ ಮೇಲೆ ಬೆರಳು ತೆಗೆದು ಮುಂದುವರಿಸುತ್ತಾರೆ. ಒಣ ಕೈಗೆ ಇದು ಅಭ್ಯಾಸದ ಮಾತು, ಮೇಣ ಹತ್ತಿದ ಕೈಗೆ ಅಲ್ಲ. ಅದೂ ಬಲಗೈ ಹೆಬ್ಬೆರಳಿಗೆಂದು ಮಾಡಿದ್ದು. ಎಡಚರು ತೋರುಬೆರಳನ್ನು ವಕ್ರವಾಗಿ ಬಾಗಿಸಿ ಎಳೆಯಬೇಕು. ತೆಳು ತಗಡಿನ ಬದಲು ಹಿಡಿಯ ಒಂದು ಮಗ್ಗುಲನ್ನೇ ಸೀಳಿ ಲಾಕ್ ಮಾಡಿದರೆ ಅದು ಫ್ರೇಮ್ ಲಾಕ್. ಕ್ರಿಸ್ ರೀವ್ ತಮ್ಮ ಸೆಬೆಂಜಾ ಚಾಕುವಿನಲ್ಲಿ ತಂದದ್ದು. ಹಿಡಿದಷ್ಟೂ ಬಿಗಿಯಾಗುತ್ತದೆ, ನಿಜ. ಬೆರಳಿನ ಜಾಗ ಮಾತ್ರ ಬದಲಾಗಿಲ್ಲ.

ಕ್ರಾಸ್‌ಬಾರ್ ಲಾಕ್ ಈ ತೊಂದರೆಗೆ ಸಿಕ್ಕಿರುವ ಒಳ್ಳೆಯ ಉತ್ತರ. 1998ರಲ್ಲಿ ಬೆಂಚ್‌ಮೇಡ್ ಕಂಪನಿ 710 ಎಂಬ ಮಾದರಿಯಲ್ಲಿ ಆಕ್ಸಿಸ್ ಎಂಬ ಹೆಸರಿನಿಂದ ಇದನ್ನು ತಂದಿತು. ಪೇಟೆಂಟ್ ಮುಗಿದ ಮೇಲೆ ಬೇರೆಯವರೂ ಮಾಡುತ್ತಿದ್ದಾರೆ. ಹಿಡಿಗೆ ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ, ಅದರ ತುದಿಗಳು ಎರಡೂ ಬದಿಯಲ್ಲಿ ಹೊರಗೆ ಇಣುಕುತ್ತವೆ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಅಲಗು ಸಡಿಲವಾಗಿ ತೂಗಿ ತಾನೇ ಮಡಚಿಕೊಳ್ಳುತ್ತದೆ. ಬೆರಳುಗಳು ಹಿಡಿಯ ಹೊರಗೇ ಇರುತ್ತವೆ, ಯಾವ ಕೈಯಾದರೂ ಆಗುತ್ತದೆ. ಕಡ್ಡಿಯನ್ನು ಮುಂದಕ್ಕೆ ಒತ್ತುವುದು ಎರಡು ಸಣ್ಣ ತಂತಿ ಸ್ಪ್ರಿಂಗುಗಳು. ಇಡೀ ಏರ್ಪಾಡಿನಲ್ಲಿ ಬಡಕಲು ಭಾಗ ಅವೇ. ನನ್ನ ಬಳಿಯಿದ್ದ ಅಗ್ಗದ ಚಾಕುವೊಂದರಲ್ಲಿ ಒಂದು ತಂತಿ ಮುರಿದಿತ್ತು, ಇನ್ನೊಂದರ ಬಲದ ಮೇಲೆ ಲಾಕ್ ಕೆಲಸ ಮಾಡುತ್ತಲೇ ಇತ್ತು. ಮಣ್ಣು ಹೊಕ್ಕರೆ ನಲ್ಲಿಯ ಕೆಳಗೆ ಹಿಡಿದರೆ ಸಾಕು.

ಸ್ಪೈಡರ್ಕೊದ ಪ್ಯಾರಾಮಿಲಿಟರಿ 2ರಲ್ಲಿರುವ ಕಂಪ್ರೆಶನ್ ಲಾಕ್ ಕೂಡ ಬೆನ್ನಿನ ಕಡೆಯಿಂದ ಬಿಡಿಸುವಂಥದ್ದು, ಬೆರಳಿಗೆ ನಿರ್ಭಯ. ಆದರೆ ಅದೂ ಬಲಗೈಗೆಂದು ಮಾಡಿದ್ದು. ಬಲಗೈಯವನಾಗಿದ್ದರೆ ನಾನು ಅದನ್ನೇ ಇಟ್ಟುಕೊಳ್ಳುತ್ತಿದ್ದೆನೇನೋ.

ಹಾಗಾಗಿ ಮಳೆಗಾಲ ಮುಗಿಯುವವರೆಗೆ ನನ್ನ ಜೇಬಿನಲ್ಲಿ ತುಕ್ಕು ಹಿಡಿಯದ ಅಲಗಿನ ಕ್ರಾಸ್‌ಬಾರ್, ಅಡಿಕೆ ಕೊಯ್ಲಿನಿಂದ ಮಾವು ಮುಗಿಯುವವರೆಗೆ ಒಪಿನೆಲ್. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಕ್ರಾಸ್‌ಬಾರ್ ಬಿಡುತ್ತೇನೆ. ಬಳೆ ತಿರುಗಿಸುವ ಒಂದು ಕ್ಷಣದ ತಡ ನನಗೆ ಇಷ್ಟ, ಕೊಯ್ತದ ಗುಣವಂತೂ ಬೇರೆ ಯಾವುದರಲ್ಲೂ ಇಲ್ಲ.

ಬ್ರಿಟನ್ನಿನಲ್ಲಿ ಓದುತ್ತಿರುವ ಅಣ್ಣನ ಮಗ ತನಗೊಂದು ಚಾಕು ಬೇಕೆಂದಾಗ ಮಾತ್ರ ನಾನು ಕೊಟ್ಟದ್ದು ಇವೆರಡೂ ಅಲ್ಲ, ಸ್ವಿಸ್ ಚಾಕು. ಅಲ್ಲಿ ವಿಶೇಷ ಕಾರಣವಿಲ್ಲದೆ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದಾದದ್ದು ಅಲಗಿನ ಕೊಯ್ಯುವ ಅಂಚು 3 ಇಂಚು ಮೀರದ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಸೂಟ್‌ಕೇಸಿನೊಳಗೆ ಹಾಕಿ ಸಾಮಾನಿನೊಡನೆ ಕಳಿಸಲು ಹೇಳಿದ್ದೆ. ಕೈಚೀಲದಲ್ಲಿಟ್ಟಿದ್ದರೆ ಅದು ವಿಮಾನ ನಿಲ್ದಾಣದ ತಪಾಸಣೆಯನ್ನು ದಾಟುತ್ತಿರಲಿಲ್ಲ.